ಮುಚ್ಚಿದ ಹಗೇವು

ಕೊಟ್ಟೂರಿನಲ್ಲಿ ಹಳೆಯ ಮನೆ ಕೊಳ್ಳಬೇಕೆನ್ನುವವರು ಮೊದಲು ಬಸವೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸುತ್ತಾರೆ, ಅಲ್ಲಿಂದ ನೆಟ್ಟಗೆ ಮುರ್ತುಜಾಸಾಬನ ಅಂಗಡಿಗೆ ಬರುತ್ತಾರೆ. ಅವನು ದಲ್ಲಾಳಿಯಲ್ಲ, ಇಂಜಿನಿಯರೂ ಅಲ್ಲ. ಬೋರಿನ ಮೋಟಾರು ಬಿಚ್ಚಿ ಕಟ್ಟುವವನು. ಮೋಟಾರಿನ ನೆಪದಲ್ಲಿ ಊರಿನ ಅರ್ಧ ಹಿತ್ತಲುಗಳನ್ನು ಹೊಕ್ಕು ಬಂದವನಾದ್ದರಿಂದ ಯಾವ ಗೋಡೆ ಯಾವ ಕಡೆ ವಾಲಿದೆ, ಯಾರ ಮನೆಯ ಬಚ್ಚಲ ನೀರು ಯಾರ ಅಡಿಪಾಯಕ್ಕೆ ಇಳಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಒಂದು ಪ್ಲೇಟು ಮಿರ್ಚಿ ಮಂಡಕ್ಕಿ, ಮೇಲೊಂದು ಚಾ ಕೊಡಿಸಿದರೆ ಬಂದು ನೋಡಿ ಹೇಳುತ್ತಿದ್ದ.

"ಮಳಿ ಬಂದ ಮರುದಿನ ಮನಿ ನೋಡಾಕ ಹೋಗ್ರಿ. ಬಿಸಿಲಾಗ ಎಲ್ಲಾ ಮನೀನೂ ಚೆಂದನ ಕಾಣ್ತಾವ. ಸುಣ್ಣ ಹೊಸದಾಗಿ ಬಳದಿದ್ರ, ಯಾಕ ಬಳದೀರಿ ಅಂತ ಕೇಳ್ರಿ. ಜಂತಿ ತಟ್ಟಿ ನೋಡ್ರಿ, ಗೆದ್ದಲ ತಿಂದಿದ್ರ ಅದಾ ಹೇಳ್ತೈತಿ. ಮಾರೋರ ಮಾತು ಅರ್ಧ ಕೇಳ್ರಿ, ಬಾಜೂಮನಿ ಮುದುಕಿ ಮಾತು ಪೂರ್ತಿ ಕೇಳ್ರಿ. ಹಗೇವು ಐತೇನು ಅಂತ ಮಾತ್ರ ಮರೀಲಾರದ ಕೇಳ್ರಿ."

ಹಗೇವು ಅಂದರೆ ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿಸುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ಮಾತ್ರ ಗುಡಾಣದ ಹಾಗೆ ದೊಡ್ಡದು. ಈಗ ಜೋಳವನ್ನು ಯಾರೂ ಹಾಗೆ ಇಡುವುದಿಲ್ಲ. ಆದರೆ ಹಳೇ ಓಣಿಗಳ ಮನೆಗಳ ಕೆಳಗೆ ಆ ಹೊಟ್ಟೆಗಳು ಇನ್ನೂ ಇವೆ.

ಇಂಥ ಮುರ್ತುಜಾಸಾಬ ತಾನೇ ಒಂದು ಮನೆ ಕೊಂಡ. ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಬೆಳೆಸಿ, ಸೊಸೆಯನ್ನು ತಂದು, ಮೊಮ್ಮಗಳನ್ನೂ ಕಂಡ ಮೇಲೆ ಅಲ್ಲಾಹನ ದಯೆಯಿಂದ ಕೂಡಿಬಂದ ಮನೆ. ಮಾರಿದವರು ನೀಲಗಂಗಮ್ಮನ ಮನೆಯವರು. ಕೂಡ್ಲಿಗಿ ರಸ್ತೆಯ ಹೊಸ ಬಡಾವಣೆಯಲ್ಲಿ ಅವರು ಬೇರೆ ಕಟ್ಟಿಸಿಕೊಂಡಿದ್ದರು. ವ್ಯವಹಾರಕ್ಕೆ ಕೂತದ್ದು ಅವಳ ಮಗ ಗವಿಸಿದ್ದೇಶ. ಮುರ್ತುಜಾಸಾಬ ಎಲ್ಲ ನೋಡಿದ, ಎಲ್ಲ ತಟ್ಟಿದ, ಕಡೆಗೆ ಕೇಳಿದ:

"ಹಗೇವು ಐತೇನಪಾ?"

"ಇತ್ತಂತ್ರಿ ಕಾಕಾ, ನಡುಮನ್ಯಾಗ. ನಾ ಹುಟ್ಟಿದಾಗನ ಮುಚ್ಚೈತಿ."

"ಮುಚ್ಚೈತಿ ಅಂದ್ರ ಆತು ಬಿಡು."

ಬಿಸ್ಮಿಲ್ಲಾ ಅಂದು ಮುರ್ತುಜಾಸಾಬ ಸಹಿ ಹಾಕಿದ. ಈ ವ್ಯವಹಾರದಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮನೆಗೆ ಬಂದ ಹೊಸದರಲ್ಲಿ ಅವನ ಹೆಂಡತಿ ಬಾನು ಬೀ ನಡುಮನೆ ಬಿಟ್ಟು ಏಳುತ್ತಿರಲಿಲ್ಲ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕಪ್ಪು ಕಡಪಾ ಕಲ್ಲಿನ ನೆಲ ಕೊಡದ ನೀರಿನ ಹಾಗೆ ತಣ್ಣಗೆ. ಅಲ್ಲೇ ಕೂತು ಶೇಂಗಾ ಸುಲಿಯುವುದು, ಅಲ್ಲೇ ನಮಾಜು, ಮಧ್ಯಾಹ್ನ ಅಲ್ಲೇ ಮೊಮ್ಮಗಳು ನಿಶಾತಳನ್ನು ಮಗ್ಗುಲಿಗೆ ಹಾಕಿಕೊಂಡು ಕಥೆ ಹೇಳುವುದು.

ಕಥೆ ಕೇಳುವವರು ಹೂಂಗುಡಬೇಕು. ಹೂಂ ಬರದಿದ್ದರೆ ಬಾನು ಬೀ ಮುಂದೆ ಹೇಳುತ್ತಿರಲಿಲ್ಲ. ಹುಡುಗಿ ಮಲಗಿತು ಎಂದು ತಾನೂ ಕಣ್ಣು ಮುಚ್ಚುತ್ತಿದ್ದಳು. ಒಂದು ಮಧ್ಯಾಹ್ನ, ಏಳು ಸಮುದ್ರದಾಚೆ ಹೋದ ರಾಜಕುಮಾರ ಬಾವಿಗೆ ಇಣುಕಿದ ಎನ್ನುವಲ್ಲಿಗೆ ಬಂದಳು.

"ಹೂಂ," ಎಂದಿತು ದನಿ.

"ಇಣುಕಿದರ ಒಳಗ ನೀರಿಲ್ಲ, ಬರೀ ಕತ್ತಲಿ."

"ಹೂಂ."

ಬಾನು ಬೀ ತಿರುಗಿ ನೋಡಿದಳು. ನಿಶಾತ ಬಾಯಿ ತೆರೆದು ನಿದ್ದೆ ಹೋಗಿತ್ತು. ಕೈಯಲ್ಲಿದ್ದ ಬೀಸಣಿಗೆ ಹಾಗೇ ನಿಂತಿತು. ಹೂಂಗುಟ್ಟಿದ್ದು ಕೆಳಗಿನಿಂದ.

ಸಂಜೆ ದೊಡ್ಡ ಮಗ ರಫೀಕನಿಗೆ ಹೇಳಿದಳು. ವೆಲ್ಡಿಂಗ್ ಅಂಗಡಿಯಿಂದ ಬಂದವನು ಕೈಗೆ ಸಾಬೂನು ತಿಕ್ಕುತ್ತ ನಕ್ಕ. "ಅಮ್ಮೀ, ಮೇನ್ ರೋಡಿನಾಗ ಅದಿರಿನ ಲಾರಿ ಹೋದ್ರ ಪಾತ್ರಿ ನಡಗ್ತಾವಲ್ಲ, ಹಂಗ."

"ಪಾತ್ರಿ ಹೂಂ ಅಂತಾವೇನಲೇ?"

"ನಿನ್ನ ಕಥಿ ಅಷ್ಟು ಚೊಲೋ ಇರ್ತಾವ. ನೆಲಾನೂ ಕೇಳ್ತೈತಿ ಬಿಡು."

ಸೊಸೆ ಪರ್ವೀನ್ ಮಾತ್ರ ನಗಲಿಲ್ಲ. ರೊಟ್ಟಿ ತಟ್ಟುವ ಕೈ ನಿಲ್ಲಿಸಿ, "ಮಿಕ್ಸಿ ಹಚ್ಚಿದ್ರೂ ಹಂಗಾ ಆಗ್ತೈತ್ರಿ. ಮಿಕ್ಸಿ ನಿಂತಮ್ಯಾಲೂ ಒಂದೀಟು ಹೊತ್ತು ಇರ್ತೈತಿ," ಅಂದಳು. ಮರುದಿನದಿಂದ ಮಿಕ್ಸಿಯನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟುಕೊಂಡಳು, ಕಾರಣ ಹೇಳಲಿಲ್ಲ.

ಬಾನು ಬೀಗೆ ಎಲ್ಲಕ್ಕಿಂತ ಕಷ್ಟವಾದದ್ದು ನಮಾಜಿನಲ್ಲಿ. ನಿಂತಾಗ ಏನೂ ಇಲ್ಲ, ಬಾಗಿದಾಗ ಏನೂ ಇಲ್ಲ. ಸಜ್ದಾಕ್ಕೆ ಹೋಗಿ ಹಣೆ ನೆಲಕ್ಕೆ ಮುಟ್ಟಿತೋ, ಕಲ್ಲಿನಾಚೆ ಯಾರೋ ಉಸಿರು ಹಿಡಿದು ಕೂತ ಹಾಗೆ. ತನ್ನ ಪಿಸುಮಾತು ತನಗೇ ತಿರುಗಿ ಬರುತ್ತಿತ್ತು, ಸ್ವಲ್ಪ ತಡವಾಗಿ, ಸ್ವಲ್ಪ ದಪ್ಪವಾಗಿ. ದೇವರ ಮುಂದೆ ಹೆದರಬಾರದು ಎಂದು ಅವಳು ಜಾಗ ಬದಲಿಸಲಿಲ್ಲ. ಆದರೆ ದುವಾಕ್ಕೆ ಕೈ ಎತ್ತಿದಾಗ, ಕೆಳಗಿರುವವರು ಯಾರಾದರೂ ಇದ್ದರೆ ಅವರಿಗೂ ಶಾಂತಿ ಕೊಡು ಎಂದು ಸೇರಿಸತೊಡಗಿದಳು.

ನೀಲಗಂಗಮ್ಮ ಆಗಾಗ ಬರುತ್ತಿದ್ದಳು. ಮನೆ ಮಾರಿದರೂ ಹಿತ್ತಲ ಕರಿಬೇವಿನ ಋಣ ಹರಿದಿರಲಿಲ್ಲ. ಬೆಳ್ಳಗಿನ ಹಣೆಯ ಮೇಲೆ ವಿಭೂತಿ, ತಲೆ ತುಂಬ ಸೆರಗು. "ಒಗ್ಗರಣಿಗೆ ನಾಕು ಎಲಿ ಹರಕೊಂಡ್ ಹೋಗ್ತೀನವ್ವ," ಎನ್ನುತ್ತ ಒಳಗೆ ಬರುವಳು. ಬಾನು ಬೀ ಮೊದಲು ಗಮನಿಸಿರಲಿಲ್ಲ. ನಿಶಾತಳೇ ಹೇಳಿದ್ದು.

"ದಾದೀ, ಆ ಅಜ್ಜಿ ಗ್ವಾಡಿ ಹಿಡಕೊಂಡು ಯಾಕ ನಡೀತಾಳ?"

ಹೌದು. ಬಾಗಿಲಿನಿಂದ ಹಿತ್ತಲಿಗೆ ನಡುಮನೆ ದಾಟಿ ನೆಟ್ಟಗೆ ಹೋಗಬಹುದು. ನೀಲಗಂಗಮ್ಮ ಹಾಗೆ ಹೋಗುತ್ತಿರಲಿಲ್ಲ. ಗೋಡೆಗುಂಟ ಸುತ್ತು ಬಳಸಿ, ಪಾತ್ರೆಗಳ ಮಗ್ಗುಲಿಗೆ, ಕಪಾಟಿನ ಮುಂದೆ ಒಡಲು ಓರೆ ಮಾಡಿ ಹಿತ್ತಲು ಸೇರುವಳು, ಬರುವಾಗಲೂ ಹಾಗೇ. ಮುಂದಿನ ಸಲ ಬಂದಾಗ ಬಾನು ಬೀ ಕಪಾಟಿನ ಮುಂದೆಯೇ ಕೂತಿದ್ದಳು.

"ಈ ಕಡಿ ದಾಟಿ ಬರ್ರಿ ನೀಲಗಂಗಮ್ಮಾರ, ನಡುವ ಜಾಗ ಐತಲ್ಲ."

"ಇರಲಿ ಬಿಡವ್ವ, ರೂಢಿ ಆಗೈತಿ."

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲಿ ಹಗೇವು ಇತ್ತಲ್ಲ?"

"ಮುಚ್ಚೈತಿ."

"ಮುಚ್ಚೈತೋ, ತುಂಬೈತೋ?"

ನೀಲಗಂಗಮ್ಮನ ಮಡಿಲಿನ ಕರಿಬೇವು ಅಷ್ಟೂ ನೆಲಕ್ಕೆ ಬಿತ್ತು. ಬಗ್ಗಿ ಆರಿಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ಮುಚ್ಚೈತಿ ಅಂದ್ನಲ್ಲವ್ವ," ಎಂದವಳೇ ಗೋಡೆ ಹಿಡಿದು ಬಾಗಿಲು ದಾಟಿದಳು. ಆಮೇಲೆ ಎಷ್ಟೋ ದಿನ ಆ ಕಡೆ ಬರಲಿಲ್ಲ.

ಇದೇ ಹೊತ್ತಿಗೆ ಚಿಕ್ಕ ಮಗ ಯೂನುಸನ ಮದುವೆ ಗೊತ್ತಾಯಿತು. ಹಡಗಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹುಡುಗ, ಹೆಣ್ಣು ಹರಪನಹಳ್ಳಿಯದು. ಹೆಣ್ಣಿನ ತಾಯಿ ಬಂದು ಮನೆ ನೋಡಿ, ಹೆಸರುಬೇಳೆ ಪಾಯಸ ಉಂಡು, ಬಾಯಿ ಒರೆಸಿಕೊಳ್ಳುತ್ತ, "ನಮ್ಮ ಹುಡುಗಿಗೆ ಯಾವ ಕೋಣೆ ಕೊಡ್ತೀರ?" ಅಂದಳು. ಕೊಡಲು ಕೋಣೆ ಇರಲಿಲ್ಲ. ಆ ದಿನ ಊಟಕ್ಕೆ ಕೂತಾಗ ಮುರ್ತುಜಾಸಾಬ ತಟ್ಟೆಯ ಅಂಚಿನಲ್ಲಿ ಬೆರಳಿಂದ ನಕ್ಷೆ ಬರೆದ.

"ಮ್ಯಾಲೆ ಒಂದು ಕೋಲಿ. ಶೀಟ್ ಹಾಕಿದ್ರ ಸಾಕು. ನಡುವಿನ ತೊಲಿ ಮುಪ್ಪಾಗೈತಿ, ಅದರ ಬುಡಕ್ಕ ಒಂದು ಕಬ್ಬಿಣದ ಕಂಬ ಕೊಡೋಣ. ನಮ್ಮ ಅಂಗಡ್ಯಾಗ ವೆಲ್ಡಿಂಗ್, ಹೊರಗಿನವರಿಗೆ ಯಾಕ ಕೊಡಬೇಕು?"

"ಕಂಬ ಎಲ್ಲಿ ಬರ್ತೈತಿ?" ಎಂದು ಕೇಳಿದಳು ಬಾನು ಬೀ.

"ನಡುಮನಿ ನಡುವ. ಮತ್ತೆಲ್ಲಿ ಬರ್ತೈತಿ?"

"ಬುಡ ತೋಡಿ ಹಾಕ್ತೀರೇನು?"

"ಯಾಕ ತೋಡಬೇಕು? ಹಿಂದಿನವ್ರು ಹಾಕಿದ ಕಲ್ಲು, ಆನಿ ನಿಂದ್ರಿಸಿದ್ರೂ ಅಲುಗೂದಿಲ್ಲ. ಪ್ಲೇಟ್ ಇಟ್ಟು ಬೋಲ್ಟ್ ಹೊಡದ್ರ ಮುಗೀತು."

"ಅದರ ಕೆಳಗ ಟೊಳ್ಳು ಐತ್ರಿ."

ಪರ್ವೀನ್ ಪುಂಡಿಪಲ್ಯ ಬಡಿಸುತ್ತಿದ್ದ ಸೌಟು ತಡೆದಳು. ಮುರ್ತುಜಾಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮುಚ್ಚೈತಿ ಅಂತ ಕೇಳೀನಿ. ಊರಿನ ಮನಿ ನೋಡೋನು ನಾನು, ನನ್ನ ಮನಿ ನೋಡಲಾರದ ತಗೊಂಡೀನೇನು?"

"ಮುಚ್ಚೋದು ಬ್ಯಾರೆ, ತುಂಬೋದು ಬ್ಯಾರೆ. ಗಡಿಗಿ ಮ್ಯಾಲ ತಾಟು ಹಾಕಿದ್ರೂ ಮುಚ್ಚಿದಂಗ."

"ಈಗ ನೆಲ ಒಡದ್ವಿ ಅಂತ ತಿಳ್ಕೊ. ಓಣ್ಯಾಗ ಏನಂತಾರ? ಮುರ್ತುಜಾಸಾಬಗ ಟೊಪ್ಪಿಗಿ ಹಾಕ್ಯಾರ ಅಂತಾರ. ನಾಳೆ ಒಬ್ಬರಾದ್ರೂ ನನ್ನ ಕರದು ಮನಿ ತೋರಿಸ್ತಾರೇನು?"

"ಮಕ್ಕಳು ಮಲಗೋ ಜಾಗರೀ ಅದು."

"ಅಬ್ಬಾ," ಎಂದು ಅಪ್ಪನನ್ನು ಕರೆದ ಯೂನುಸ ನಡುವೆ ಬಾಯಿ ಹಾಕಿ, "ಅಮ್ಮೀ ಹೇಳೋದು..."

"ನಿನ್ನ ಸಲುವಾಗೇ ಕೋಲಿ ಕಟ್ಟಸಾಕತ್ತೀನಿ, ನೀ ಬಾಯಿ ಮುಚ್ಚು!"

"ಮುಚ್ಚೀನ್ರಿ, ತುಂಬಿಲ್ಲ," ಅಂದ ಯೂನುಸ. ಪರ್ವೀನ್ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಮುರ್ತುಜಾಸಾಬ ಅರ್ಧ ಊಟಕ್ಕೆ ಕೈ ತೊಳೆದ. ಆ ಮನೆಯಲ್ಲಿ ಅವನು ತಟ್ಟೆ ಬಿಟ್ಟು ಎದ್ದದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಗಂಡ ಹೆಂಡಿರ ನಡುವೆ ಮಾತು ಸೊಸೆಯ ಮೂಲಕ ನಡೆಯಿತು. "ಚಾ ಕೊಡು ಅಂತ ಹೇಳು ನಿಮ್ಮತ್ತಿಗೆ." "ಸಕ್ಕರಿ ಮುಗದೈತಿ ಅಂತ ಹೇಳು ನಿಮ್ಮ ಮಾವಗ." ಪರ್ವೀನ್ ನಡುವೆ ನಿಂತು, "ಇಬ್ಬರೂ ನನ್ನ ಎದುರಿಗೇ ಅದೀರಲ್ರಿ," ಎಂದು ತಲೆ ಚಚ್ಚಿಕೊಳ್ಳುವಳು. ಅವಳೂ ಈಗ ಹಾಸಿಗೆಯನ್ನು ಪಡಸಾಲೆಗೆ ತಂದಿದ್ದಳು. ಎಲ್ಲರೂ ಗೊತ್ತಿಲ್ಲದೇ ಗೋಡೆಗುಂಟ ನಡೆಯತೊಡಗಿದ್ದರು. ಮುರ್ತುಜಾಸಾಬನೊಬ್ಬ ಬೇಕೆಂದೇ ನಡುವೆ ಕಾಲು ಬಡಿದು ಹೋಗುತ್ತಿದ್ದ. ಬಡಿದಾಗೆಲ್ಲ ಕೆಳಗಿನದು ಓಗೊಡುತ್ತಿತ್ತು, ಅವನು ಕೇಳಿಸಲಿಲ್ಲವೆಂಬಂತೆ ಕೆಮ್ಮುತ್ತಿದ್ದ.

ಕಂಬ ನಿಲ್ಲಿಸುವ ದಿನ ಬಂತು. ರಫೀಕ್ ಅಂಗಡಿಯಿಂದ ಕಂಬ, ಪ್ಲೇಟು, ಡ್ರಿಲ್ಲು ತಂದ. ಗೌಂಡಿ ಗಾದಿಲಿಂಗಪ್ಪ ತೊಲೆಗೆ ಜಾಕ್ ಕೊಡಲು ಬಂದಿದ್ದ. ಸುತ್ತಿಗೆಯ ಹಿಡಿಯಿಂದ ನೆಲ ಒಮ್ಮೆ ಕುಟ್ಟಿದ, ಎರಡು ಹೆಜ್ಜೆ ಸರಿದು ಮತ್ತೆ ಕುಟ್ಟಿದ. ಮುರ್ತುಜಾಸಾಬನ ಮುಖ ನೋಡಿದ.

"ಸಾಬರ..."

"ನಿನ್ನ ಕೆಲಸ ತೊಲಿ ಎತ್ತೋದು."

"ಹೌದ್ರಿ. ನಾ ಏನೂ ಅಂದಿಲ್ಲ." ಗಾದಿಲಿಂಗಪ್ಪ ಬೀಡಿ ಹುಡುಕುತ್ತ ಹೊರಗೆ ಹೋದ.

ಆ ಹೊತ್ತಿಗೆ ಬಾನು ಬೀ ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಿಕೊಂಡು ಒದ್ದೆ ಕೈಯಲ್ಲೇ ಬಂದಳು. ನಮಾಜಿನ ಚಾಪೆ ಜಾನಮಾಜನ್ನು ತಂದು, ಕಂಬದ ಬುಡಕ್ಕೆ ರಫೀಕ್ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಜಾಗಕ್ಕೇ ಹಾಸಿ ಕೂತಳು. ನಮಾಜು ಮುಗಿಯಲಿ ಎಂದು ಎಲ್ಲರೂ ಕಾದರು. ನಮಾಜು ಮುಗಿಯಿತು. ಅವಳು ತಸ್ಬೀಹು ತೆಗೆದು ಮಣಿ ಎಣಿಸತೊಡಗಿದಳು.

"ಅಮ್ಮೀ, ಏಳು."

"ಏಳೂದಿಲ್ಲ."

"ಪರ್ವೀನ್, ಎಷ್ಟೊತ್ತು ಕುಂದರ್ತಾಳ ಕೇಳು ನಿಮ್ಮತ್ತಿಗೆ," ಎಂದ ಮುರ್ತುಜಾಸಾಬ.

"ನೀಲಗಂಗಮ್ಮ ಬಂದು, ಇದರ ಮ್ಯಾಲ ನಿಂತು, ತುಂಬೈತಿ ಅಂತ ಒಂದು ಮಾತು ಹೇಳಲಿ. ಆವಾಗ ಏಳ್ತೀನಿ ಅಂತ ಹೇಳು ನಿಮ್ಮ ಮಾವಗ."

ಮುರ್ತುಜಾಸಾಬ ಸಿಟ್ಟಿಗೆದ್ದ, ಬೈದ, ಅವಳ ತವರಾದ ಕೂಡ್ಲಿಗಿಯ ಮಂದಿಯನ್ನೆಲ್ಲ ಬೈದ. ಬಾನು ಬೀ ಮಣಿ ಎಣಿಸಿದಳು. ಗಾದಿಲಿಂಗಪ್ಪ ಬಾಗಿಲಲ್ಲಿ ಇಣುಕಿ, "ಸಾಬರ, ಜಾಕ್ ಬಾಡಿಗಿ ನಡದೈತ್ರಿ," ಅಂದು ಇನ್ನಷ್ಟು ಬೈಸಿಕೊಂಡ. ಮಧ್ಯಾಹ್ನದ ಒಲೆ ಹೊತ್ತಲಿಲ್ಲ. ಕೊನೆಗೆ ರಫೀಕ್ ಸೀಮೆಸುಣ್ಣ ಬಿಸಾಕಿ ಬೈಕು ಹತ್ತಿದ.

ನೀಲಗಂಗಮ್ಮ ಮಗನನ್ನು ಕರೆದುಕೊಂಡೇ ಬಂದಳು. ಗವಿಸಿದ್ದೇಶ ಎಣ್ಣೆಬೀಜದ ವ್ಯಾಪಾರಿ, ಹೊಂದಿಕೊಳ್ಳುವ ಮನುಷ್ಯ. ಬಂದವನೇ, "ಕಾಕಾ, ನಾ ಆವತ್ತೇ ಹೇಳೀನಿ, ಮುಚ್ಚೈತಿ ಅಂತ," ಅಂದ. "ಅವ್ವ, ಹೇಳು ಇವರಿಗೆ."

ನೀಲಗಂಗಮ್ಮ ಹೊಸ್ತಿಲಲ್ಲೇ ನಿಂತಳು. ನಡುವೆ ಕೂತ ಬಾನು ಬೀಯನ್ನು ನೋಡಿದಳು. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ಏಳವ್ವ ತಾಯಿ, ಆ ಕಲ್ಲಿನ ಮ್ಯಾಲ ಕುಂದರಬ್ಯಾಡ."

"ಯಾಕ್ರಿ?"

"ಅದರೊಳಗ ನಮ್ಮನಿಯವ್ರು ಹೋದ್ರು."

ಹಿತ್ತಲಲ್ಲಿ ಕೊಡ ತುಂಬಿ ಹರಿಯುವ ಸದ್ದು ಕೇಳುತ್ತಿತ್ತು. ಪರ್ವೀನ್ ನಲ್ಲಿ ನಿಲ್ಲಿಸಲು ಹೋಗಲಿಲ್ಲ. ನೀಲಗಂಗಮ್ಮ ಹೊಸ್ತಿಲ ಮೇಲೇ ಕುಸಿದು ಕೂತು, ಮಗನ ಕಡೆ ನೋಡದೆ ಹೇಳಿದಳು.

"ಇವ ಹುಟ್ಟಿ ಇನ್ನಾ ಹೆಸರಿಟ್ಟಿದ್ದಿಲ್ಲ. ನಾ ಒಳಕೋಣ್ಯಾಗ, ಹಸಿ ಬಾಣಂತಿ. ಉಚ್ಚಂಗಿದುರ್ಗದಿಂದ ನಮ್ಮ ತವರುಮಂದಿ ಬರೋರಿದ್ರು, ಜ್ವಾಳ ತೆಗೀಬೇಕಿತ್ತು. ಮಳಿಗಾಲ ಪೂರ್ತಿ ಮುಚ್ಚಿದ್ದ ಹಗೇವು. ಬಾಯಿ ತೆರದು ಒಂದು ಹೊತ್ತು ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಇಳಿಸಿದ್ರಂತ, ಆರಿತಂತ. ಗಾಳಿಗೆ ಆರಿರಬೇಕು ಅಂದ್ಕೊಂಡು ಇಳದ್ರಂತ. ಕೆಳಗ ಹೋಗಿ ಮ್ಯಾಲಿನವರ ಕೂಡ ಮಾತಾಡಿದ್ದು ನನಗ ಕೇಳಿಸ್ತು. ಜ್ವಾಳ ತುಂಬಾಕ ಪುಟ್ಟಿ ಬಿಡ್ರಿ ಅಂದ್ರು. ಆಮ್ಯಾಲ ಹೂಂ ಅಂದ್ರು. ಆಮ್ಯಾಲ ಏನೂ ಇಲ್ಲ."

ಬಾನು ಬೀಯ ಬೆರಳಲ್ಲಿ ಮಣಿ ನಿಂತಿತು.

"ಮಣ್ಣಿಗೆ ನನ್ನ ಬಿಡಲಿಲ್ಲವ್ವ. ಬಾಣಂತಿ, ಹೊಸ್ತಿಲ ದಾಟಬಾರದು ಅಂದ್ರು. ಮುಂಬಾಗಿಲಿಂದ ಒಯ್ದದ್ದೂ ನಾ ನೋಡಲಿಲ್ಲ. ನಾ ಕೇಳಿದ್ದು ಇಷ್ಟ, ಇಲ್ಲಿ ಇಳದದ್ದು, ಇಲ್ಲಿ ಮಾತಾಡಿದ್ದು. ಆಮ್ಯಾಲ ನಮ್ಮ ಮಾವ ಇದಕ್ಕ ಮಣ್ಣು ತುಂಬಿಸ್ತೀನಿ ಅಂದಾಗ ನಾ ಕೂಸಿನ ಕೆಳಗಿಟ್ಟು ಬಂದು ಅಡ್ಡ ಮಲಗಿದೆ. ನನ್ನ ಕಣ್ಣಿಗೆ ಅವ್ರು ಮ್ಯಾಲ ಬಂದಿದ್ದಿಲ್ಲ. ಮ್ಯಾಲ ಬರಲಾರದವರ ಮ್ಯಾಲ ಮಣ್ಣು ಹೆಂಗ ಹಾಕಸಲಿ? ಚಪ್ಪಡಿ ಎಳದು ಮ್ಯಾಲ ಕಡಪಾ ಹಾಕಿಸಿದ್ರು. ಮುಚ್ಚೈತಿ ಅಂದೆ. ಎಲ್ಲಾರಿಗೂ ಹಂಗಾ ಅಂತ ಬಂದೆ."

"ನನಗೂ ಹಂಗಾ ಅಂದಿ," ಎಂದ ಗವಿಸಿದ್ದೇಶ. ಅವನ ದನಿ ಸಣ್ಣ ಹುಡುಗನ ದನಿಯಾಗಿತ್ತು. "ಎದಿನೋವಿಂದ ಹೋದ್ರು ಅಂದಿ."

"ಇದರ ಮ್ಯಾಲೇ ಅಂಬೆಗಾಲು ಇಡ್ತಿದ್ದೆಪ್ಪ ನೀನು. ಏನಂತ ಹೇಳಲಿ?"

ಮುರ್ತುಜಾಸಾಬ ಎಲ್ಲರಿಗೂ ಬೆನ್ನು ಮಾಡಿ, ಗೋಡೆಗೆ ಒರಗಿಸಿದ್ದ ಕಂಬಕ್ಕೆ ಕೈ ಊರಿ ನಿಂತಿದ್ದ. ಬೋರುಗಳ ಬಾಯಲ್ಲಿ ಜೀವಮಾನ ಕಳೆದವನಿಗೆ ದೀಪವನ್ನೂ ಉಸಿರನ್ನೂ ಆರಿಸುವ ಕೆಟ್ಟ ಗಾಳಿ ಅಂದರೇನೆಂದು ಯಾರೂ ವಿವರಿಸಬೇಕಿರಲಿಲ್ಲ. ಕಂಬ ಬಿಟ್ಟು ಹೆಂಡತಿಯ ಕಡೆ ತಿರುಗಿದ. ಪರ್ವೀನಳನ್ನು ಕರೆಯದೆ, ತಾನೇ ಹೇಳಿದ.

"ಏಳು ಬಾನು. ಕಂಬ ಇವತ್ತು ಬ್ಯಾಡ."

ನೆಲ ಒಡೆಸಿದ್ದು ಅವನೇ. ಓಣಿಯ ಮಂದಿ ಬಂದು ಇಣುಕಿದರು. "ಏನ್ ಸಾಬರ, ಊರಿಗೆಲ್ಲಾ ಬುದ್ಧಿ ಹೇಳ್ತಿದ್ರಿ!" ಎಂದು ಒಬ್ಬ ನಕ್ಕರೆ, "ಹೌದಪ, ಕೇಳೋದು ಕೇಳಿದೆ, ಪೂರ್ತಿ ಕೇಳಲಿಲ್ಲ," ಎಂದು ಮುರ್ತುಜಾಸಾಬ ಕಲ್ಲು ಎತ್ತುವುದರಲ್ಲೇ ಇದ್ದ. ಚಪ್ಪಡಿ ಸರಿದಾಗ ಹಳೇ ಜೋಳದ ಹೊಟ್ಟಿನ ವಾಸನೆ, ಅದರ ಹಿಂದೆಯೇ ಒಂದು ತಂಪು ಮೇಲೆ ಬಂತು. ಗಾದಿಲಿಂಗಪ್ಪ ಬಗ್ಗಲು ಹೋದ. ಮುರ್ತುಜಾಸಾಬ ಅವನ ಅಂಗಿ ಹಿಡಿದು ಹಿಂದಕ್ಕೆಳೆದ.

ಮನೆಯವರು ಪಡಸಾಲೆಗೆ ಸರಿದರು. ನಿಶಾತಳ ಕಾಲಿಗೆ ಪರ್ವೀನ್ ಸೀರೆಯ ಅಂಚು ಕಟ್ಟಿ ಇನ್ನೊಂದು ತುದಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಡುಗೆ ಮಾಡಿದಳು. ಮುರ್ತುಜಾಸಾಬ ಬೆಳಿಗ್ಗೆ ಎದ್ದವನೇ ಹಗ್ಗಕ್ಕೆ ದೀಪ ಕಟ್ಟಿ ಇಳಿಸುವನು. ದೀಪ ಅರ್ಧಕ್ಕೆ ಹೋಗಿ ಮಂಕಾಗಿ, ಯಾರೋ ಊದಿದ ಹಾಗೆ ಆರುವುದು. ಹಗ್ಗ ಸುತ್ತಿ ಇಡುವನು. ಮದುವೆಯನ್ನು ಮುಂದಕ್ಕೆ ಹಾಕಬೇಕೆಂದು ಹರಪನಹಳ್ಳಿಗೆ ಹೇಳಿಕಳಿಸಿದರು. ಹೆಣ್ಣಿನ ತಾಯಿ ಫೋನಿನಲ್ಲಿ, "ನೆಲದಾಗ ಏನೋ ಐತಂತಲ್ಲ, ಊರೆಲ್ಲ ಮಾತಾಡ್ತಾರೆ," ಅಂದಳು. ಯೂನುಸ ಫೋನು ಕಸಿದುಕೊಂಡು, "ಇತ್ರಿ ಅತ್ತಿ, ಹೊರಗ ಬಿಡಾಕತ್ತೀವಿ," ಎಂದು ಹೇಳಿ ಎಲ್ಲರಿಂದ ಬೈಸಿಕೊಂಡ. ಸಂಬಂಧವೇನೋ ಮುರಿಯಲಿಲ್ಲ.

ಕಡೆಗೊಂದು ಬೆಳಿಗ್ಗೆ ದೀಪ ತಳ ಮುಟ್ಟಿತು, ಆರಲಿಲ್ಲ. ಅಲ್ಲಿ ಒಂದಿಷ್ಟು ಕಪ್ಪಾದ ಹುಲ್ಲು, ಬೋರಲು ಬಿದ್ದ ಒಂದು ಬಿದಿರ ಪುಟ್ಟಿ. ಅಷ್ಟೇ. ಬಾನು ಬೀ ಬಗ್ಗಿ ಅದನ್ನು ನೋಡಿದಳು. ದೀಪ ಅಲುಗದೆ ಉರಿಯಿತು.

ಗೊರಚು ಮಣ್ಣಿನ ಟ್ರ್ಯಾಕ್ಟರು ಬಂದ ದಿನ ನೀಲಗಂಗಮ್ಮನನ್ನು ಕರೆಸಿದರು. ಅವಳು ಬರಲಿಕ್ಕಿಲ್ಲ ಎಂದೇ ಎಲ್ಲರ ಎಣಿಕೆ. ಬಂದಳು. ತಲೆಗೆ ಎರೆದುಕೊಂಡು, ತಟ್ಟೆಯಲ್ಲಿ ಬಿಲ್ವಪತ್ರಿ, ವಿಭೂತಿ ಹಿಡಿದು ಮಗನ ತೋಳಿನ ಮೇಲೆ ಭಾರ ಹಾಕಿ ಬಂದಳು. ಹಗೇವಿನ ಬಾಯಿ ತನಕ ಬಂದು ಬಗ್ಗಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆವತ್ತು ಹೇಳಿದಳು. "ಸೋಮಪ್ಪಾ," ಅಂದಳು. ಕೆಳಗಿನಿಂದ ಅವಳ ದನಿಯೇ ತಿರುಗಿ ಬಂತು. ಅದನ್ನು ಪೂರ್ತಿ ಕೇಳಿಸಿಕೊಂಡು, "ನಾ ಅದೀನಿ. ಹುಡುಗ ದೊಡ್ಡಾವ ಆಗ್ಯಾನ. ಹೋಗ್ರಿ ಇನ್ನ," ಅಂದಳು. ಹೋಗಿ ಬರ್ರಿ ಅನ್ನಲಿಲ್ಲ.

ಒಂದು ಹಿಡಿ ಮಣ್ಣು ಹಾಕಿದಳು. ಗವಿಸಿದ್ದೇಶ ಹಾಕಿದ. ಮುರ್ತುಜಾಸಾಬ, ರಫೀಕ್, ಯೂನುಸ ತಮ್ಮ ರೀತಿಯಲ್ಲಿ ಮೂರು ಮೂರು ಹಿಡಿ ಹಾಕಿದರು. ಆಮೇಲೆ ಗಂಡಸರು ಸಲಿಕೆ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಬಾನು ಬೀ ಮುಂದೆ ಬಂದಳು.

"ನೀ ಯಾಕ?" ಅಂದ ಮುರ್ತುಜಾಸಾಬ, ಮೆಲ್ಲಗೆ.

"ನಮ್ಮಮ್ಮಿ ಸತ್ತಾಗ ಜನಾಜಾ ಓಣಿ ತಿರುವಿನ ತನಕ ನೋಡೀನಿ. ಹೆಣ್ಮಕ್ಕಳು ಕಬರಸ್ತಾನಕ್ಕ ಹೋಗಂಗಿಲ್ಲ. ಇದು ನನ್ನ ಮನಿ. ಇಲ್ಲಿ ಹಾಕಾಕ ಯಾರೂ ಬ್ಯಾಡ ಅನ್ನಂಗಿಲ್ಲ."

ಯಾರೂ ಬೇಡ ಅನ್ನಲಿಲ್ಲ. ಅವಳು ಮೊದಲ ಹಿಡಿ ಹಾಕಿದಾಗ ಅದು ಬೀಳಲು ಹೊತ್ತಾಯಿತು. ನೀಲಗಂಗಮ್ಮ ಅವಳ ಮೊಣಕೈ ಹಿಡಿದು ನಿಂತಳು. ಇಬ್ಬರೂ ಅತ್ತರೋ ಇಲ್ಲವೋ, ಸಲಿಕೆಗಳು ಎಬ್ಬಿಸಿದ ಧೂಳಿನಲ್ಲಿ ಯಾರಿಗೂ ಕಾಣಲಿಲ್ಲ. ಮಣ್ಣು ಬೀಳುವ ಸದ್ದು ಮೊದಲು ಆಳದಲ್ಲಿತ್ತು, ಆಮೇಲೆ ಹತ್ತಿರ ಬಂತು, ಸಂಜೆಯ ಹೊತ್ತಿಗೆ ಬರೀ ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದಾಯಿತು. ಗಾದಿಲಿಂಗಪ್ಪ ನೀರು ಬಿಟ್ಟು ತುಳಿದು ಗಟ್ಟಿ ಮಾಡಿದ. ಕಂಬಕ್ಕೆ ಬುಡ ತೋಡಿಯೇ ಹಾಕುವುದೆಂದು ಮುರ್ತುಜಾಸಾಬ ಹೇಳಿದ, ಯಾರೂ ಕೇಳಿರಲಿಲ್ಲ.

ಎಲ್ಲ ಹೋದ ಮೇಲೆ ಬಾನು ಬೀ ಕೈ ತೊಳೆದು ಅಡುಗೆಮನೆಗೆ ಹೋದಳು. ಕಪಾಟಿನ ಮೇಲಿನ, ಮಾಂಸ ಮುಟ್ಟದ ಹೊಸ ಪಾತ್ರೆ ಇಳಿಸಿದಳು, ಜೋಳದ ಹಿಟ್ಟು ನಾದಿದಳು.

"ಇಷ್ಟು ರೊಟ್ಟಿ ಯಾರಿಗ್ರಿ?" ಎಂದು ಪರ್ವೀನ್ ಕೇಳಿದಳು.

"ನೀಲಗಂಗಮ್ಮಾರ ಮನಿಗೆ."

"ನಮ್ಮ ಕೈಯಿಂದ ಉಣ್ತಾರೇನ್ರಿ ಅವ್ರು?"

"ಉಣ್ಣೋದು ಅವರಿಗೆ ಬಿಟ್ಟದ್ದು. ಒಯ್ಯೋದು ನನಗ ಬಿಟ್ಟದ್ದು. ಶೇಂಗಾ ಚಟ್ನಿ ಡಬ್ಬಿ ಕೊಡು ಇತ್ತ."

ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ರಫೀಕನ ಬೈಕಿನ ಹಿಂದೆ ಕೂತು ಅವಳು ಹೊಸ ಬಡಾವಣೆಗೆ ಹೋದಳು. ಬಾಗಿಲು ತೆರೆದವಳು ಗವಿಸಿದ್ದೇಶನ ಹೆಂಡತಿ ಸುಮಲತಾ. ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಗಂಡ, ಅತ್ತೆ ಬಂದು ಮೈ ತೊಳೆದುಕೊಂಡು ಸುಮ್ಮನೆ ಕೂತಿದ್ದರು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಬಾನು ಬೀಯ ಕೈಯಲ್ಲಿ ಬಿಳಿ ಬಟ್ಟೆಯ ಗಂಟು ನೋಡಿ ಅವಳ ಮುಖ ಬದಲಾಯಿತು. ಸಾವಾಗಿ ಒಲೆ ಹೊತ್ತದ ಮನೆಗೆ ತರುವ ರೊಟ್ಟಿಯ ಗಂಟು ಹೇಗಿರುತ್ತದೆಂದು ಗೊತ್ತಿಲ್ಲದ ಹೆಂಗಸರು ಆ ಕಡೆ ಇಲ್ಲ.

"ಯವ್ವಾ, ಯಾರು ಹೋದ್ರೀ?" ಅಂದಳು.

ಒಳಗಿನಿಂದ ನೀಲಗಂಗಮ್ಮನ ದನಿ ಬಂತು.

"ನಿಮ್ಮ ಮಾವ. ಆಕೀನ ಒಳಗ ಕರಿ."

ಸುಮಲತಾ ಅತ್ತೆಯತ್ತ ನೋಡಿದಳು, ಗಂಡನತ್ತ ನೋಡಿದಳು. ಕುಕ್ಕರ್ ಇನ್ನೊಂದು ಸೀಟಿ ಹೊಡೆಯಿತು. ಗವಿಸಿದ್ದೇಶ ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದ.